ಟ್ಯಾಂಕ್ ತರಿಸುವ ಮೊದಲು ಕಲ್ಲು ಬರೆಯಿರಿ: ಟ್ಯಾಂಕ್ ಕಮಾಂಡರ್ ಒಬ್ಬರಿಗೆ ಸ್ಮಾರಕ ಕಟ್ಟುವ ಬಗೆ

ಶಾಲೆಯಲ್ಲೋ ಕಾಲೇಜಿನ ಆವರಣದಲ್ಲೋ ಪದಕ ಪಡೆದ ಟ್ಯಾಂಕ್ ಕಮಾಂಡರ್ ಒಬ್ಬರ ಸ್ಮಾರಕ ಆಗಬೇಕು ಎಂದು ಸಮಿತಿ ಕೂತರೆ, ಮೊದಲ ಅರ್ಧ ಗಂಟೆ ಹೋಗುವುದು ಟ್ಯಾಂಕ್ ಎಲ್ಲಿಂದ ತರುವುದು ಎಂಬ ಮಾತಿಗೆ. ಕ್ರಮ ಉಲ್ಟಾ ಆಗುವುದು ಅಲ್ಲೇ. ಟ್ಯಾಂಕ್ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು, ಸಿಗದೆಯೂ ಹೋಗಬಹುದು. ಕಲ್ಲಿನ ಮೇಲಿನ ಹತ್ತು ಸಾಲು ಮಾತ್ರ ಇವತ್ತೇ ನಿಮ್ಮ ಕೈಯಲ್ಲಿದೆ. ಸ್ಮಾರಕ ಕೆಡುವುದೂ ಹೆಚ್ಚಾಗಿ ಎರಡೇ ಕಾರಣಕ್ಕೆ: ತಪ್ಪು ಅಕ್ಷರ, ನಿಂತ ನೀರು. ಈ ಬರಹದ ಹೆಚ್ಚು ಭಾಗ ಇವೆರಡರ ಬಗ್ಗೆಯೇ.

ಕಲ್ಲಿನ ಮೇಲೆ ಏನು ಬರೆಯಬೇಕು

ಭಾರತದ ಆರ್ಮರ್ಡ್ ಕೋರ್‌ಗೆ (ಸೇನೆಯ ಟ್ಯಾಂಕ್ ದಳಕ್ಕೆ) ಬಂದಿರುವ ಪರಮವೀರ ಚಕ್ರ ಎರಡೇ, ಎರಡೂ ಪೂನಾ ಹಾರ್ಸ್ ರೆಜಿಮೆಂಟಿಗೆ. ಒಬ್ಬರು ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ಬುರ್ಜೋರ್ಜಿ ತಾರಾಪೋರ್, ಮಡಿದದ್ದು 1965ರ ಸೆಪ್ಟೆಂಬರ್ 16. ಇನ್ನೊಬ್ಬರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್, ಮಡಿದದ್ದು 1971ರ ಡಿಸೆಂಬರ್ 16. ಒಂದೇ ರೆಜಿಮೆಂಟ್, ಒಂದೇ ಬಗೆಯ ಸೆಂಚುರಿಯನ್ ಟ್ಯಾಂಕ್, ತಾರೀಖೂ 16. ಹೀಗಿರುವಾಗ ಫ್ಲೆಕ್ಸ್ ಅಂಗಡಿಯಲ್ಲಿ ಒಬ್ಬರ ಫೋಟೋ ಕೆಳಗೆ ಇನ್ನೊಬ್ಬರ ದಿನಾಂಕ ಬೀಳುವುದು ಆಶ್ಚರ್ಯವಲ್ಲ. ಫ್ಲೆಕ್ಸ್ ಹರಿದು ಹಾಕಬಹುದು, ಗ್ರಾನೈಟ್ ಹಾಗಲ್ಲ. ಇವರಲ್ಲಿ ಯಾರ ಸ್ಮಾರಕವಾದರೂ ಎರಡೂ ಹೆಸರು, ಎರಡೂ ದಿನಾಂಕ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ, ಆಮೇಲೆ ಕೆಲಸ ಶುರು ಮಾಡಿ.

ಕಲ್ಲಿಗೆ ಬೇಕಾದದ್ದು ಇಷ್ಟು: ಹುದ್ದೆ (ಮಡಿದ ದಿನ ಇದ್ದ ಹುದ್ದೆ), ಪೂರ್ಣ ಹೆಸರು, ಪದಕ, ರೆಜಿಮೆಂಟ್, ಹುಟ್ಟಿದ ಮತ್ತು ಮಡಿದ ದಿನ, ಕಾಳಗದ ಸ್ಥಳ, ಆ ದಿನ ಅವರು ಮಾಡಿದ್ದು ಏನು ಎಂಬುದು ಒಂದೇ ವಾಕ್ಯದಲ್ಲಿ. ನಮ್ಮ ಹಳೆಯ ವೀರಗಲ್ಲುಗಳನ್ನು ನೋಡಿ. ಯಾರು, ಯಾವ ಅರಸನ ಕಾಲ, ಯಾವ ಕಾಳಗ, ಹೇಗೆ ಸತ್ತ, ಮನೆಯವರಿಗೆ ಏನು ಕೊಟ್ಟರು, ಅಷ್ಟೇ. ವಿಶೇಷಣಗಳ ಮಳೆ ಬರುವುದು ಅರಸನ ಹೆಸರಿನ ಹಿಂದೆ, ಸತ್ತವನ ಹಿಂದೆ ಅಲ್ಲ. ಖೇತ್ರಪಾಲ್ ಅವರಿಗಾದರೆ ಹೀಗೆ ಬರೆಯಬಹುದು:

ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್
ಪರಮವೀರ ಚಕ್ರ
ಪೂನಾ ಹಾರ್ಸ್ (17 ಹಾರ್ಸ್)
14 ಅಕ್ಟೋಬರ್ 1950 – 16 ಡಿಸೆಂಬರ್ 1971
ಬಸಂತರ್ ಕಾಳಗದಲ್ಲಿ ತಮ್ಮ ಟ್ಯಾಂಕಿಗೆ ಬೆಂಕಿ ಹತ್ತಿದರೂ, ತೋಪು ಇನ್ನೂ ಕೆಲಸ ಮಾಡುತ್ತಿದೆ ಎಂದು ಕೆಳಗಿಳಿಯಲು ಒಪ್ಪದೆ ಹೋರಾಡಿ ಮಡಿದರು.

ಇಷ್ಟರಲ್ಲಿ 21 ವರ್ಷದ ಹುಡುಗ ಕಾಣುತ್ತಾನೆ. ಇದರ ಮೇಲೆ ‘ಸಿಂಹಸ್ವರೂಪಿ’, ‘ರಣಕಲಿ’ ಎಂದೆಲ್ಲ ಪೇರಿಸಿದರೆ ಆತ ಮರೆಯಾಗುತ್ತಾನೆ. ತಾರಾಪೋರ್ ಅವರಿಗೆ ಒಂದೇ ಸ್ಥಳ ಸಾಲದು. ಸೆಪ್ಟೆಂಬರ್ 11ರಂದು ಫಿಲ್ಲೋರಾದಲ್ಲಿ ಗಾಯಗೊಂಡರೂ ಹಿಂದಕ್ಕೆ ಹೋಗಲಿಲ್ಲ, 14ರಂದು ವಜೀರ್‌ವಾಲಿ, 16ರಂದು ಬುತೂರ್-ಡೋಗ್ರಾಂಡಿ. ಆರು ದಿನ ದಳ ನಡೆಸಿದವರ ಕಲ್ಲಿನಲ್ಲಿ ಆ ಮೂರೂ ಹೆಸರು ಇರಲಿ.

ಕೆಲವು ಸೂಕ್ಷ್ಮಗಳು. ‘ಮರಣೋತ್ತರ’ ಎಂಬ ಪದವನ್ನು ಹೆಸರಿನ ಸಾಲಿಗೆ ತುರುಕುವುದು ಬೇಡ; ಎರಡು ದಿನಾಂಕಗಳೇ ಅದನ್ನು ಹೇಳುತ್ತವೆ. ‘ಶಹೀದ್’ ಎಂಬ ಮಾತನ್ನು ಸೇನೆ ತನ್ನ ಅಧಿಕೃತ ಬರಹದಲ್ಲಿ ಬಳಸುವುದಿಲ್ಲ, ಕನ್ನಡದಲ್ಲೂ ‘ವೀರಮರಣ’ ಸಾಕು. ಮೂರು ಸಿಂಹದ ರಾಷ್ಟ್ರಲಾಂಛನವನ್ನು ಅಂದಕ್ಕೆಂದು ಕಲ್ಲಿನ ತಲೆಯ ಮೇಲೆ ಕೆತ್ತಿಸಬೇಡಿ. 2005ರ ಕಾಯ್ದೆ ಅದರ ಬಳಕೆಗೆ ಕಟ್ಟುಪಾಡು ಹಾಕಿದೆ. ಪದಕದ ಪಟ್ಟಿಯನ್ನು ಬಣ್ಣದಲ್ಲಿ ತೋರಿಸುವುದಾದರೆ ಪರಮವೀರ ಚಕ್ರಕ್ಕೆ ಗೆರೆಯಿಲ್ಲದ ನೇರಳೆ, ಮಹಾವೀರ ಚಕ್ರಕ್ಕೆ ಅರ್ಧ ಬಿಳಿ ಅರ್ಧ ಕೇಸರಿ, ವೀರ ಚಕ್ರಕ್ಕೆ ಅರ್ಧ ಕಡುನೀಲಿ ಅರ್ಧ ಕೇಸರಿ. ತ್ರಿವರ್ಣದ ಪಟ್ಟಿ ಮೂರರಲ್ಲಿ ಯಾವುದಕ್ಕೂ ಇಲ್ಲ. ಆದರೂ ಕೆತ್ತನೆಗಾರರು ಹೆಚ್ಚಾಗಿ ಹಾಕಿಕೊಡುವುದು ಅದನ್ನೇ.

ಟ್ಯಾಂಕ್ ಒಬ್ಬರಿಂದ ಓಡುವುದಿಲ್ಲ. ಸೆಂಚುರಿಯನ್‌ನಲ್ಲಿ ಕಮಾಂಡರ್, ಗನ್ನರ್, ಲೋಡರ್, ಡ್ರೈವರ್ ಎಂದು ನಾಲ್ವರು. ಅದೇ ಟ್ಯಾಂಕಿನಲ್ಲಿ ಮಡಿದವರಿದ್ದರೆ ಅವರ ಹೆಸರನ್ನು ರೆಜಿಮೆಂಟಿನಿಂದಲೇ ಬರೆಸಿ ತರಿಸಿಕೊಳ್ಳಿ, ಅದೇ ಕಲ್ಲಿನಲ್ಲಿ ಹಾಕಿ.

ಕೆತ್ತನೆ: ಒತ್ತಕ್ಷರ ಕೈಕೊಡುವ ಜಾಗ

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿ, ಅಲ್ಲಿಂದ ಕೆತ್ತನೆಯ ಸಾಫ್ಟ್‌ವೇರಿಗೆ ಹಾಕುವಾಗ ‘ಲೆಫ್ಟಿನೆಂಟ್’ನ ಟ ಒತ್ತು ಹಾರಿಹೋಗುತ್ತದೆ, ‘ಕರ್ನಲ್’ನ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಪರದೆಯ ಮೇಲೆ ನೋಡಿ ‘ಸರಿ ಇದೆ’ ಅನ್ನಬೇಡಿ. ನಿಜ ಗಾತ್ರದ ಕಾಗದದ ಪ್ರಿಂಟ್ ತೆಗೆಸಿ, ಕನ್ನಡ ಮೇಷ್ಟ್ರೊಬ್ಬರಿಂದ ಕೊನೆಯ ಪದದಿಂದ ಹಿಂದಕ್ಕೆ ಓದಿಸಿ. ಹಿಂದಿನಿಂದ ಓದಿದರೆ ಅರ್ಥದ ಓಟಕ್ಕೆ ಕಣ್ಣು ಜಾರುವುದಿಲ್ಲ. ಆ ಪ್ರಿಂಟಿನ ಮೇಲೆ ಇಬ್ಬರು ಸಹಿ ಹಾಕಿದ ಮೇಲೆ ಸ್ಟೆನ್ಸಿಲ್ ಕತ್ತರಿಸಲಿ.

ಮೂಲಾಕ್ಷರದ ಎತ್ತರ 30 ಮಿ.ಮೀ., ಹೆಸರಿಗೆ 60. ಇಂಗ್ಲಿಷ್ ಫಲಕದ ಲೆಕ್ಕದಲ್ಲಿ ಸಾಲಿನ ಅಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಅಕ್ಷರದ ಎತ್ತರದ ಎರಡೂಕಾಲು ಪಟ್ಟು ಬಿಡಿ. ಸ್ಯಾಂಡ್‌ಬ್ಲಾಸ್ಟ್ ಮಾಡುವಾಗ (ಮರಳು ಚಿಮ್ಮಿಸಿ ಕೆತ್ತುವಾಗ) ಒತ್ತಿನ ಸಣ್ಣ ಸುಳಿಗಳ ನಡುವಿನ ತೆಳು ಗೋಡೆ ಒಡೆಯುತ್ತದೆ, 3 ಮಿ.ಮೀ.ಗಿಂತ ತೆಳುವಾದ ಗೋಡೆ ಎಲ್ಲೂ ಉಳಿಯದಂಥ ದಪ್ಪ ಫಾಂಟ್ ಆರಿಸಿ. ಆಳ 2ರಿಂದ 3 ಮಿ.ಮೀ. ಅಕ್ಷರಕ್ಕೆ ಚಿನ್ನದ ಬಣ್ಣ ತುಂಬಿದರೆ ಉದ್ಘಾಟನೆಯ ದಿನ ಚೆನ್ನ, ಕೆಲವು ಮಳೆಗಾಲ ಕಳೆದ ಮೇಲೆ ಅರ್ಧ ಉದುರಿ ಬೋಳು ಬೋಳಾಗುತ್ತದೆ. ಚಾಮರಾಜನಗರ, ಕನಕಪುರ ಕಡೆಯ ಕಪ್ಪು ಗ್ರಾನೈಟ್‌ನಲ್ಲಿ ಕೆತ್ತಿದ ಜಾಗ ತಾನಾಗಿಯೇ ಬೂದಿಬಣ್ಣಕ್ಕೆ ಬಂದು ಓದಲು ಸಿಗುತ್ತದೆ, ಹಾಗೇ ಬಿಡಿ.

ಹಲಗೆ 40 ಮಿ.ಮೀ. ದಪ್ಪ ಇರಲಿ; ಅಡುಗೆಮನೆ ಕಟ್ಟೆಯ 20 ಮಿ.ಮೀ. ಕಲ್ಲು ಸಾಗಿಸುವಾಗಲೇ ಸೀಳುತ್ತದೆ. 1.2 ಮೀಟರ್ ಅಗಲ, 0.9 ಮೀಟರ್ ಎತ್ತರದ ಹಲಗೆ ಸುಮಾರು 117 ಕಿಲೋ ತೂಗುತ್ತದೆ, ಅದನ್ನು ಬರೀ ಸಿಮೆಂಟಿನಲ್ಲಿ ಅಂಟಿಸಿ ನಿಲ್ಲಿಸಲಾಗದು. ಹಿಂದುಗಡೆ ನಾಲ್ಕು ತೂತು ಕೊರೆದು 10 ಮಿ.ಮೀ. ಸ್ಟೇನ್‌ಲೆಸ್ ಸರಳನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿ. 304 ದರ್ಜೆ ಸಾಕು, ಕರಾವಳಿಯಲ್ಲಿ 316 ಬೇಕು. ಮಾಮೂಲಿ ಕಬ್ಬಿಣದ ಸರಳು ಹಾಕಿದರೆ ತುಕ್ಕು ಉಬ್ಬಿ ಒಳಗಿನಿಂದಲೇ ಕಲ್ಲು ಸೀಳುತ್ತದೆ. ಸೀಳು ಸಾಮಾನ್ಯವಾಗಿ ಮೂಲೆಯಿಂದ ಹೆಸರಿನ ಕಡೆಗೇ ಬರುತ್ತದೆ. ಹಲಗೆಯ ಮುಖ ಉತ್ತರಕ್ಕಿದ್ದರೆ ಪಾಲಿಶ್ ಮೇಲಿನ ಬಿಸಿಲಿನ ಹೊಳಪು ಕಣ್ಣಿಗೆ ಹೊಡೆಯುವುದು ಕಡಿಮೆ.

ಜಾಗ

ವೃತ್ತದ ನಡುವೆ ಎಂಬ ಆಸೆ ಬಿಡಿ. ರಸ್ತೆ, ಫುಟ್‌ಪಾತ್ ಮತ್ತಿತರ ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶ ಮಾಡಿದೆ. ಶಾಲೆ, ಕಾಲೇಜು ಅಥವಾ ಟ್ರಸ್ಟ್‌ನ ಸ್ವಂತ ಜಾಗವೇ ಸರಿ. ದಾರಿಯನ್ನೂ ಈಗಲೇ ನೋಡಿ: ಟ್ರೈಲರ್ ತಿರುಗಲು ಗೇಟಿನ ಮುಂದೆ ಜಾಗ ಇದೆಯೇ, ಮೇಲೆ ವಿದ್ಯುತ್ ತಂತಿ ಇದೆಯೇ, ಹಾದಿಯಲ್ಲಿ ಹಳೆಯ ಮೋರಿ ಇದೆಯೇ.

ಟ್ಯಾಂಕ್ ಕೇಳುವುದು

ಅರ್ಜಿ ಸಂಸ್ಥೆಯ ಮುಖ್ಯಸ್ಥರ ಹೆಸರಲ್ಲಿ ಹೋಗಲಿ. ಜಾಗದ ದಾಖಲೆ, ನಕ್ಷೆ, ಸಾಗಣೆ ಮತ್ತು ನಿರ್ವಹಣೆಯ ಖರ್ಚು ನಮ್ಮದೇ ಎಂಬ ಠರಾವು ಜೊತೆಗಿರಲಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ, ರೆಜಿಮೆಂಟಿಗೂ ಒಂದು ಪತ್ರ ಬರೆಯಿರಿ. ಮಂಜೂರಾದರೂ ಇಂಥದ್ದೇ ಟ್ಯಾಂಕ್ ಬೇಕು ಎಂದು ಆರಿಸಿಕೊಳ್ಳುವ ಅವಕಾಶ ಕಡಿಮೆ. ಬರುವುದು ಟಿ-55 ಇಲ್ಲವೇ ವಿಜಯಂತ ಆಗಿರುವ ಸಾಧ್ಯತೆಯೇ ಹೆಚ್ಚು.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ತಾರಾಪೋರ್ ಅವರ ಟ್ಯಾಂಕಿನ ಹೆಸರು ಖುಷಾಬ್, ಖೇತ್ರಪಾಲ್ ಅವರದು ಫಾಮಾಗುಸ್ತಾ. ಎರಡೂ ಬ್ರಿಟನ್ನಿನಲ್ಲಿ ತಯಾರಾದ ಸೆಂಚುರಿಯನ್, ತೂಕ 50 ಟನ್ನಿನ ಆಸುಪಾಸು. ಟಿ-55 ಸೋವಿಯತ್ ಮೂಲದ್ದು, 36 ಟನ್, ಟರೆಟ್ (ತೋಪು ಕೂತಿರುವ, ತಿರುಗುವ ಮೇಲ್ಭಾಗ) ಮಗುಚಿಟ್ಟ ಬೋಗುಣಿಯ ಹಾಗೆ. ಅದರ ಪಕ್ಕಕ್ಕೆ ‘ಫಾಮಾಗುಸ್ತಾ’ ಎಂದು ಬರೆಸಿದರೆ ಗೊತ್ತಿದ್ದವರ ಮುಂದೆ ನಗೆಪಾಟಲು. ಅಸಲಿ ಫಾಮಾಗುಸ್ತಾ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಆರ್ಮರ್ಡ್ ಕೋರ್ ಕೇಂದ್ರದಲ್ಲಿದೆ. ನಿಮಗೆ ಬಂದದ್ದರ ಮುಂದೆ ಚಿಕ್ಕ ಫಲಕ ಹಾಕಿ: ‘ಇದು ಟಿ-55. ಇವರು ಕಾದಿದ್ದು ಸೆಂಚುರಿಯನ್‌ನಲ್ಲಿ.’ ಇದರಿಂದ ಸ್ಮಾರಕದ ಗೌರವವೇನೂ ಕುಂದುವುದಿಲ್ಲ.

ಕೈಗೆ ಬರುವ ಮುಂಚೆ ಬರಹದಲ್ಲಿ ಕೇಳಬೇಕಾದವು: ತೋಪು ನಿಷ್ಕ್ರಿಯಗೊಂಡಿದೆಯೇ, ಡೀಸೆಲ್ ಮತ್ತು ಆಯಿಲ್ ಪೂರ್ತಿ ಬಸಿದಿದೆಯೇ, ಬ್ಯಾಟರಿ ತೆಗೆದಿದೆಯೇ, ರೇಡಿಯಂ ಬಣ್ಣದ ಹಳೆಯ ಡಯಲ್‌ಗಳು ಮತ್ತು ಆಸ್‌ಬೆಸ್ಟಾಸ್ ಇರುವ ಬ್ರೇಕ್ ಭಾಗಗಳು ಒಳಗಿವೆಯೇ. ಇವೆಯೆಂದರೆ ಒಳಗಿನ ಯಾವುದನ್ನೂ ನೀವೇ ಬಿಚ್ಚಬೇಡಿ, ಉಜ್ಜಬೇಡಿ.

ಪಾಯ

ಲೆಕ್ಕ ಟಿ-55ಕ್ಕೆ. ಒಂದೊಂದು ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ) 0.58 ಮೀಟರ್ ಅಗಲ, ನೆಲಕ್ಕೆ ತಾಗುವ ಉದ್ದ 3.84 ಮೀಟರ್. ಎರಡೂ ಸೇರಿ ಸುಮಾರು 4.45 ಚದರ ಮೀಟರ್. 36 ಟನ್ ಅದರ ಮೇಲೆ ಕೂತರೆ ಚದರ ಮೀಟರಿಗೆ 8 ಟನ್ ಚಿಲ್ಲರೆ. ಗಟ್ಟಿ ಗರಸಿನ ನೆಲಕ್ಕೆ ಇದು ಹೊರೆಯೇ ಅಲ್ಲ. ಎರೆಮಣ್ಣಿಗೆ ಮಾತ್ರ ಹೆದರಬೇಕು, ಅದೂ ಭಾರಕ್ಕಲ್ಲ: ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಗುಣಕ್ಕೆ. ಧಾರವಾಡ, ವಿಜಯಪುರ ಸೀಮೆಯಲ್ಲಾದರೆ ಒಂದು ಮೀಟರಾದರೂ ಎರೆ ತೆಗೆದು, ಗರಸು ತುಂಬಿ, 200 ಮಿ.ಮೀ. ಪದರಕ್ಕೊಮ್ಮೆ ನೀರು ಹೊಡೆದು ರೋಲರ್ ಓಡಿಸಿ. ಎಷ್ಟು ಆಳ ಎಂಬುದನ್ನು ಮಣ್ಣು ಪರೀಕ್ಷೆ ನೋಡಿ ಎಂಜಿನಿಯರ್ ಹೇಳಲಿ.

ಅದರ ಮೇಲೆ 100 ಮಿ.ಮೀ. ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್), ನಂತರ 8.5 × 4.5 ಮೀಟರ್ ಅಳತೆಯ 300 ಮಿ.ಮೀ. ದಪ್ಪದ ಎಂ25 ದರ್ಜೆಯ ಕಾಂಕ್ರೀಟ್ ಸ್ಲ್ಯಾಬ್. ಟ್ಯಾಂಕ್ ಹತ್ತಿ ಬರುವ ಅಂಚಿಗೆ, ಅದರ ಎದುರಿನ ಅಂಚಿಗೂ, ಅರ್ಧ ಮೀಟರ್ ಅಗಲಕ್ಕೆ ದಪ್ಪ 500 ಮಿ.ಮೀ. ಮಾಡಿ. ಇಳಿಜಾರು ಹತ್ತಿ ಬಂದ ಟ್ಯಾಂಕ್ ಮುಂದಕ್ಕೆ ವಾಲುವ ಆ ಒಂದು ಗಳಿಗೆಯಲ್ಲಿ 36 ಟನ್ ಪೂರ್ತಿ ಅಂಚಿನ ಒಂದು ಗೆರೆಯ ಮೇಲೆ ನಿಂತಿರುತ್ತದೆ, ಸ್ಲ್ಯಾಬ್ ಮುರಿಯುವುದು ಅಲ್ಲೇ. ಎರಡೂ ಕಡೆಯ ಅಂಚು ಸೇರಿ ಹನ್ನೆರಡೂವರೆ ಘನ ಮೀಟರ್ ಕಾಂಕ್ರೀಟ್ ಹೇಳಿ. ಕಬ್ಬಿಣ 12 ಮಿ.ಮೀ. ಟಿಎಂಟಿ, 150 ಮಿ.ಮೀ. ಅಂತರದಲ್ಲಿ ಎರಡೂ ದಿಕ್ಕಿಗೆ, ಮೇಲೊಂದು ಕೆಳಗೊಂದು ಜಾಲರಿ. ಚೇರು (ಮೇಲಿನ ಜಾಲರಿಯನ್ನು ಹೊರುವ ಕಬ್ಬಿಣದ ಕಾಲು), ಅಂಚಿನ ಕಬ್ಬಿಣ ಸೇರಿ ಒಂದು ಟನ್ ಮೇಲೆ ಸ್ವಲ್ಪ. ಕಬ್ಬಿಣವನ್ನು ಕಾಂಕ್ರೀಟಿನ ಅಂಚಿನಿಂದ ದೂರ ಇಡುವ ಕವರ್ ಬ್ಲಾಕ್ 50 ಮಿ.ಮೀ. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಡುತ್ತೇನೆ ಎನ್ನುವ ಮೇಸ್ತ್ರಿಗೆ ಅವಕಾಶ ಕೊಡಬೇಡಿ.

ಮೇಲ್ಮೈಗೆ ಎರಡೂ ಪಕ್ಕಕ್ಕೆ 60ಕ್ಕೆ 1ರಂತೆ ವಾಟ ಕೊಡಿ. ಟ್ರ್ಯಾಕ್ ಕೂರುವ ಜಾಗದಲ್ಲಿ 50 ಮಿ.ಮೀ. ದಪ್ಪದ ಗ್ರಾನೈಟ್ ಪಟ್ಟಿಗಳನ್ನು ಅಡ್ಡಲಾಗಿ, ನಡುವೆ 30 ಮಿ.ಮೀ. ಸಂದು ಬಿಟ್ಟು, ಕೆಳಗೆ ಟೊಳ್ಳಿಲ್ಲದಂತೆ ಗಾರೆಯಲ್ಲಿ ಕೂರಿಸಿ. ಮಳೆ ನೀರು ಆ ಸಂದುಗಳಲ್ಲಿ ಹರಿದುಹೋಗುತ್ತದೆ. ಹುಲ್ಲುಹಾಸಿನ ಮೇಲೆ ಟ್ಯಾಂಕ್ ನಿಲ್ಲಿಸಿದರೆ ಫೋಟೋಗೆ ಚೆಂದ. ಟ್ರ್ಯಾಕ್‌ನ ಕೆಳಗಿನ ಕೊಂಡಿಗಳು ಮಾತ್ರ ವರ್ಷವಿಡೀ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತವೆ. ಕಾಂಕ್ರೀಟ್ ಹಾಕಿ 28 ದಿನ ಆಗುವವರೆಗೆ ಟ್ಯಾಂಕ್ ಏರಿಸಬೇಡಿ. ಗಣ್ಯರ ತಾರೀಖು ಸಿಕ್ಕಿದೆ ಎಂದು ಹನ್ನೆರಡನೇ ದಿನಕ್ಕೇ ಏರಿಸಿದ ಸ್ಲ್ಯಾಬ್‌ಗಳ ಬಿರುಕು ಆಮೇಲೆ ಯಾವ ಪುಟ್ಟಿಗೂ ಮುಚ್ಚುವುದಿಲ್ಲ.

ತರುವುದು, ಏರಿಸುವುದು

3.27 ಮೀಟರ್ ಅಗಲದ ಸರಕು 2.6 ಮೀಟರಿನ ವಾಹನ ಮಿತಿ ಮೀರುತ್ತದೆ, ಹಾಗಾಗಿ ಲೋ-ಬೆಡ್ ಟ್ರೈಲರಿಗೆ ವಿಶೇಷ ಪರವಾನಗಿ ಬೇಕು; ಸಾಗಣೆದಾರರೇ ಮಾಡಿಸುತ್ತಾರೆ, ಕಾಗದ ಮಾತ್ರ ನೀವು ಕಣ್ಣಾರೆ ನೋಡಿ. ಊರಿನ ಹೈಡ್ರಾ ಕ್ರೇನ್‌ನಿಂದ ಇದು ಆಗದು, ಎರಡು ಹೈಡ್ರಾ ಸೇರಿದರೂ ಆಗದು. ಎತ್ತುವುದೇ ಆದರೆ 100 ಟನ್ ವರ್ಗದ ಕ್ರೇನ್ ತರಿಸಿ, ಬೂಮ್ 6 ಮೀಟರ್ ಚಾಚಿದಾಗ ಎಷ್ಟು ಎತ್ತುತ್ತದೆ ಎಂಬ ಲೋಡ್ ಚಾರ್ಟ್ ಕೇಳಿ. ಕ್ರೇನ್ ಕಾಲೂರುವ ಜಾಗದ ಕೆಳಗೆ ಶೌಚಗುಂಡಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಟ್ರ್ಯಾಕ್ ಸಲೀಸಾಗಿ ಉರುಳುವಂತಿದ್ದರೆ ಇಳಿಜಾರಿನ ಮೇಲೆ ಎಳೆಸುವುದೇ ಉತ್ತಮ. ಕಟ್ಟೆ 450 ಮಿ.ಮೀ. ಎತ್ತರವಿದ್ದರೆ ಇಳಿಜಾರು ನಾಲ್ಕೂವರೆ ಮೀಟರ್ ಉದ್ದ ಇರಲಿ.

ನಿಲ್ಲಿಸಿದ ಮೇಲೆ ಹೊಟ್ಟೆಯಡಿ ನಾಲ್ಕು ಉಕ್ಕಿನ ಸ್ಟ್ಯಾಂಡ್ ಕೊಟ್ಟು ಸ್ವಲ್ಪ ಭಾರ ಅವಕ್ಕೆ ವರ್ಗಾಯಿಸಿ. ಇಲ್ಲವಾದರೆ ಚಕ್ರದ ರಬ್ಬರ್ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಸೀಳುತ್ತದೆ, ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ಗಳು ಸೋತು ಟ್ಯಾಂಕ್ ಒಂದು ಕಡೆಗೆ ವಾಲುತ್ತದೆ. ತೋಪಿನ ಬಾಯಿ ತರಗತಿಯ ಕಡೆಗೋ ಗೇಟಿನ ಕಡೆಗೋ ಬೇಡ. ಅದು ದೇಹಕ್ಕಿಂತ ಎರಡೂವರೆ ಮೀಟರ್ ಮುಂದೆ ಚಾಚಿರುತ್ತದೆ. ಕೆಳಗೆ ಯಾರೂ ನಡೆಯದಂತೆ ಗಿಡದ ಸಾಲು ಹಾಕಿ.

ನೀರು

ತೆರೆದ ಜಾಗದಲ್ಲಿ ನಿಂತ ಟ್ಯಾಂಕ್ ಸಾಯುವುದು ಒಳಗಿನಿಂದ. ಎಂಜಿನ್ ಮೇಲಿನ ಜಾಲರಿಗಳಿಂದ, ಮುಚ್ಚಳದ ಹಳೆಯ ರಬ್ಬರಿನಿಂದ ಮಳೆ ಒಳಗಿಳಿಯುತ್ತದೆ. ತಳ ಮುಚ್ಚಿದ್ದರೆ ಅದೇ ತೊಟ್ಟಿ. ಆಗಸ್ಟ್ ಹೊತ್ತಿಗೆ ಒಳಗೆ ಮೊಣಕಾಲೆತ್ತರ ಕಪ್ಪು ನೀರು, ಮೇಲೆ ಎಣ್ಣೆಯ ಕೆನೆ, ಸೊಳ್ಳೆಮರಿ. ಇದಕ್ಕೆ ಮಾಡಬೇಕಾದದ್ದು: ತಳದ ಡ್ರೈನ್ ಪ್ಲಗ್‌ಗಳನ್ನೆಲ್ಲ ತೆಗೆದು, ತೂತಿಗೆ ಇಲಿ ನುಗ್ಗದಂತೆ ಸ್ಟೇನ್‌ಲೆಸ್ ಜಾಲರಿ ಕಟ್ಟಿ. ಎಂಜಿನ್ ಜಾಲರಿಗಳ ಕೆಳಗೆ, ಹೊರಗೆ ಕಾಣದ ಹಾಗೆ, ಇಳಿಜಾರಾಗಿ ತಗಡು ಕೂರಿಸಿ, ನೀರು ಪಕ್ಕಕ್ಕೆ ಬೀಳಲಿ. ತೋಪಿನ ಬಾಯಿಗೆ ಉಕ್ಕಿನ ಬಿಲ್ಲೆ ಹಾಕಿ ಅದರ ಕೆಳ ಅಂಚಿನಲ್ಲಿ 8 ಮಿ.ಮೀ. ತೂತು ಬಿಡಿ, ಬಾಯಿ ತೆರೆದಿದ್ದರೆ ಮೊದಲ ಬೇಸಿಗೆಗೇ ತುಡುವೆ ಜೇನೋ ಗೊರವಂಕವೋ ಬಂದು ಸೇರುತ್ತದೆ.

ಮುಚ್ಚಳಗಳನ್ನು ಸುತ್ತಲೂ ವೆಲ್ಡ್ ಮಾಡಿ ಮುಚ್ಚುವುದು ಎಲ್ಲೆಡೆ ಕಾಣುವ ಚಾಳಿ. ಮಕ್ಕಳು ಒಳಗೆ ಇಳಿಯಬಾರದು ಎಂಬುದು ಸರಿ. ಆದರೆ ಹಗಲು ಕಾದು ರಾತ್ರಿ ತಣಿಯುವ ಉಕ್ಕಿನ ಪೆಟ್ಟಿಗೆಗೆ ಗಾಳಿಯಾಡದಿದ್ದರೆ ಒಳಗೋಡೆ ದಿನಾ ಬೆವರುತ್ತದೆ, ನೋಡಲು ಯಾರಿಗೂ ದಾರಿ ಇರುವುದಿಲ್ಲ. ಒಂದು ಮುಚ್ಚಳ ಬಿಟ್ಟು ಉಳಿದವಕ್ಕೆ ನಾಲ್ಕು ಕಡೆ ಚುಕ್ಕೆ ವೆಲ್ಡ್ ಸಾಕು. ಬಿಟ್ಟ ಒಂದಕ್ಕೆ ದಪ್ಪ ಬೋಲ್ಟ್, ಬೀಗ.

ಬಣ್ಣ

ಎಣ್ಣೆ ಎನಾಮೆಲ್ ಬೇಡ. ಹೊಳೆಯುತ್ತದೆ, ಬೇಗ ಸುಲಿಯುತ್ತದೆ. ತುಕ್ಕು ಪೂರ್ತಿ ಬಿಡಿಸಿ (ಬ್ಲಾಸ್ಟಿಂಗ್ ಆದರೆ ಎಸ್‌ಎ 2½ ಮಟ್ಟ, ಅಂದರೆ ಲೋಹ ಬಹುತೇಕ ಬೆಳ್ಳಗೆ ಕಾಣುವಷ್ಟು; ಆಗದಿದ್ದರೆ ಪವರ್ ಬ್ರಷ್), ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್, ಮೇಲೆ ಎಪಾಕ್ಸಿ ಮಧ್ಯಪದರ, ಕೊನೆಗೆ ಹೊಳಪಿಲ್ಲದ ಪಾಲಿಯುರೆಥೇನ್. ಎಷ್ಟು ಲೀಟರ್ ಬೇಕು ಎಂಬುದಕ್ಕೆ ಸೂತ್ರ: ಡಬ್ಬಿಯ ಮೇಲಿನ ಘನಾಂಶದ ಶೇಕಡಾವಾರನ್ನು 10ರಿಂದ ಗುಣಿಸಿ ಒಣ ಪದರದ ಮೈಕ್ರಾನ್‌ನಿಂದ ಭಾಗಿಸಿ. 50 ಶೇಕಡಾ ಘನಾಂಶ, 50 ಮೈಕ್ರಾನ್ ಆದರೆ ಲೀಟರಿಗೆ 10 ಚದರ ಮೀಟರ್. ಸ್ಪ್ರೇಯಲ್ಲಿ ಹಾರಿಹೋಗುವುದನ್ನು ಕಳೆದು 7 ಎಂದುಕೊಳ್ಳಿ. ತೇವಾಂಶ ಶೇ. 85 ದಾಟಿದ ದಿನ ಡಬ್ಬಿ ತೆರೆಯಬೇಡಿ. ಡಿಸೆಂಬರ್ 16ರ ಕಾರ್ಯಕ್ರಮಕ್ಕೆಂದು ನವೆಂಬರಿನ ಜಡಿಮಳೆಯಲ್ಲಿ ಹೊಡೆದ ಬಣ್ಣ ಗುಳ್ಳೆ ಏಳದೆ ಇರುವುದಿಲ್ಲ. ಏಪ್ರಿಲ್‌ನಲ್ಲೇ ಮುಗಿಸಿ, ಡಿಸೆಂಬರಿಗೆ ತೊಳೆದರೆ ಸಾಕು. ಕರಾವಳಿಯಲ್ಲಿ ಬಣ್ಣಕ್ಕೆ ಮುಂಚೆ ಸಿಹಿನೀರಲ್ಲಿ ಉಪ್ಪು ತೊಳೆಯಲೇಬೇಕು. ರಬ್ಬರ್‌ಗೆ, ಗಾಜಿಗೆ ಬಣ್ಣ ಬೇಡ. ಟ್ರ್ಯಾಕ್‌ಗೆ ಬೆಳ್ಳಿ ಬಣ್ಣ, ತೋಪಿಗೆ ತ್ರಿವರ್ಣದ ಬಳೆ, ಇವೆರಡು ಮದುವೆ ಮಂಟಪದ ಕೆಲಸ.

ಪ್ರತಿಮೆ ಇದ್ದರೆ

ಶಿಲ್ಪಿಗೆ ಮುಂದಿನ ಮುಖ, ಎರಡೂ ಪಕ್ಕದ ಫೋಟೋ ಬೇಕು. ಆರ್ಮರ್ಡ್ ಕೋರ್‌ನ ಬೆರೆಟ್ ಕಪ್ಪು, ಬ್ಯಾಜ್ ಎಡಗಣ್ಣಿನ ಮೇಲೆ, ಬಟ್ಟೆ ಬಲಕ್ಕೆ ಇಳಿದಿರಬೇಕು; ಕನ್ನಡಿ ತಿರುಗಿಸಿದ ಫೋಟೋ ಕೊಟ್ಟರೆ ಎಲ್ಲ ಉಲ್ಟಾ ಬರುತ್ತದೆ. ಹೆಗಲ ಮೇಲೆ ಖೇತ್ರಪಾಲ್ ಅವರಿಗೆ ಒಂದು ನಕ್ಷತ್ರ, ತಾರಾಪೋರ್ ಅವರಿಗೆ ಸಿಂಹಲಾಂಛನ ಮತ್ತು ಒಂದು ನಕ್ಷತ್ರ. ಮಣ್ಣಿನ ಮಾದರಿಯ ಹಂತದಲ್ಲೇ ನಿವೃತ್ತ ಸೈನಿಕರೊಬ್ಬರು ಹೋಗಿ ನೋಡಿ ಬರಲಿ. ಎರಕ ಹೊಯ್ದ ಮೇಲೆ ತಿದ್ದುವುದು ದುಬಾರಿ.

ಉಸ್ತುವಾರಿ

ಕ್ರಿ.ಶ. 950ರ ಆತಕೂರಿನ ಕಲ್ಲು, ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕಲ್ಲಿಗೆ ಬಿಟ್ಟ ಭೂಮಿಯ ಲೆಕ್ಕವಿದೆ. ಆ ಭೂಮಿ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂಬ ಶರತ್ತೂ ಇದೆ. ಯಾರು ನೋಡಿಕೊಳ್ಳಬೇಕು, ಯಾವ ದುಡ್ಡಿನಲ್ಲಿ, ತಪ್ಪಿದರೆ ಏನು ಎಂಬುದನ್ನು ಕಲ್ಲು ನಿಲ್ಲಿಸಿದ ದಿನವೇ ಗೊತ್ತುಮಾಡಿದ್ದರು. ನಿಮ್ಮ ಠರಾವಿನಲ್ಲೂ ಅದು ಬರಲಿ: ಕೆಲಸಗಾರನ ಹುದ್ದೆ (ಹೆಸರಲ್ಲ, ಹೆಸರು ವರ್ಗವಾಗಿ ಹೋಗುತ್ತದೆ), ವರ್ಷಕ್ಕೆ ತೆಗೆದಿಡುವ ಮೊತ್ತ, ಬೀಗದ ಕೈ ಎರಡು ಯಾರ ಬಳಿ.

ಮೇ ಕೊನೆಯಲ್ಲಿ ಡ್ರೈನ್ ತೂತುಗಳಿಗೆ ಕಡ್ಡಿ ಹಾಕಿ ನೋಡುವುದು. ಜೂನ್‌ನ ಮೊದಲ ದೊಡ್ಡ ಮಳೆಯ ಮಾರನೇ ದಿನ ಟಾರ್ಚ್ ಹಿಡಿದು ಮುಚ್ಚಳ ತೆಗೆದು ಒಳಗೆ ಇಣುಕುವುದು, ನೀರು ಕಂಡರೆ ಎಲ್ಲಿಂದ ಇಳಿದಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಡಿಸೆಂಬರ್ ಮೊದಲ ವಾರ ಕಲ್ಲನ್ನು ಬರೀ ನೀರು ಮತ್ತು ಮೆತ್ತನೆ ಬ್ರಷ್‌ನಿಂದ ತೊಳೆಯುವುದು. ಆಸಿಡ್ ಮುಟ್ಟಿಸಿದರೆ ಪಾಲಿಶ್ ಹೋಗುತ್ತದೆ. ಟಚಪ್‌ಗೆ ಅದೇ ಬಣ್ಣದ ಒಂದು ಲೀಟರ್ ಡಬ್ಬಿ, ಶೇಡ್ ನಂಬರ್ ಬರೆದು, ಬೀಗದ ಕೈ ಇರುವ ಕಪಾಟಿನಲ್ಲೇ ಇಡಿ. ಮುಂದಿನವರು ಅಂಗಡಿಗೆ ಹೋಗಿ ‘ಮಿಲಿಟರಿ ಹಸಿರು ಕೊಡಿ’ ಅಂದರೆ ಸಿಗುವುದು ಬಾಗಿಲಿಗೆ ಬಳಿಯುವ ಗಿಳಿ ಹಸಿರು.